ಗುಡಾರದೊಳಗಣ ಒಲೆ

ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಸೀಮೆಯ ಬೆಳಗು ಇಬ್ಬನಿಯಿಂದ ತೊಯ್ದಿರುತ್ತದೆ. ಹೊಲದ ಅವರೆಗೆ ಸೊಗಡು ಕೂಡುವುದು ಈ ಇಬ್ಬನಿಯಿಂದಲೇ ಎಂದು ರೈತರು ಹೇಳುತ್ತಾರೆ. ವಿದ್ಯಾರ್ಥಿಗಳು ಸ್ಕೌಟು ಶಿಬಿರವೆಂದೋ, ಎನ್.ಸಿ.ಸಿ. ಶಿಬಿರವೆಂದೋ, ಬೆಟ್ಟ ಹತ್ತುವ ಹವ್ಯಾಸದಿಂದಲೋ ಮನೆಬಿಟ್ಟು ಬಯಲಿನಲ್ಲಿ ರಾತ್ರಿ ಕಳೆಯಲು ಹೊರಡುವುದೂ ಈ ಕಾಲದಲ್ಲಿಯೇ. ಹಿಂದೆ ಇಂತಹ ಶಿಬಿರಗಳಿಗೆ ದಪ್ಪ ಕ್ಯಾನ್ವಾಸಿನ ಡೇರೆಗಳನ್ನು ಗಾಡಿಯ ಮೇಲೆ ಹೇರಿಕೊಂಡು ಹೋಗಬೇಕಾಗುತ್ತಿತ್ತು. ಈಗ ಒಂದೆರಡು ಕಿಲೋಗ್ರಾಂ ತೂಗುವ ನೈಲಾನ್ ಗುಡಾರಗಳು ಬಂದಿವೆ. ಮಡಿಸಿ ಬೆನ್ನಿನ ಚೀಲದಲ್ಲಿ ಇಟ್ಟುಕೊಳ್ಳಬಹುದಾದ, ಟೈಟೇನಿಯಂ ತಗಡಿನ ಕಟ್ಟಿಗೆ ಒಲೆಗಳೂ ಬಂದಿವೆ. ಹಿಮ ಬೀಳುವ ದೇಶಗಳಲ್ಲಿ ಗುಡಾರದೊಳಗೆ ಇಂತಹ ಒಲೆಯನ್ನು ಹೊತ್ತಿಸಿ, ಅದರ ಹೊಗೆಕೊಳವೆಯನ್ನು ಬಟ್ಟೆಯ ಮೂಲಕ ಹೊರಕ್ಕೆ ಹಾಯಿಸಿ, ಚಳಿಗಾಲದ ರಾತ್ರಿಗಳನ್ನು ಬೆಚ್ಚಗೆ ಕಳೆಯುವವರು ಅನೇಕರಿದ್ದಾರೆ.

ಬೆಂಕಿಯೂ ಬಟ್ಟೆಯೂ ನಿದ್ರಿಸುವ ಮನುಷ್ಯನೂ ಒಂದೇ ಸಣ್ಣ ಜಾಗದಲ್ಲಿ ಕೂಡಿದಾಗ ಏನಾಗುತ್ತದೆ? ಒಲೆ ಎಷ್ಟು ಶಾಖ ಕೊಡಬೇಕು, ಎಷ್ಟು ಗಾಳಿ ಬೇಡುತ್ತದೆ, ಯಾವ ಹೊತ್ತಿನಲ್ಲಿ ಅಪಾಯಕಾರಿಯಾಗುತ್ತದೆ? ಪ್ರೌಢಶಾಲೆಯ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳ ತಿಳಿವಳಿಕೆಯಿಂದಲೇ ಈ ಪ್ರಶ್ನೆಗಳಿಗೆ ಉತ್ತರ ಪಡೆಯಬಹುದು. ಉತ್ತರವು ಗುಡಾರಕ್ಕೆ ಮಾತ್ರವಲ್ಲ, ಚಳಿಗಾಲದಲ್ಲಿ ಕೆಂಡವಿಟ್ಟುಕೊಳ್ಳುವ ಪ್ರತಿಯೊಂದು ಮನೆಗೂ ಅನ್ವಯಿಸುತ್ತದೆ.

ರಾತ್ರಿಯ ಚಳಿ ಎಲ್ಲಿಂದ?

ಚಳಿ ಎಂಬುದು ಹೊರಗಿನಿಂದ ಬರುವ ವಸ್ತುವಲ್ಲ. ಶಾಖವು ಹೊರಟುಹೋದುದರ ಪರಿಣಾಮ. ಹಗಲೆಲ್ಲ ಬಿಸಿಲಿನಿಂದ ಶಾಖವನ್ನು ಪಡೆದ ನೆಲವು ಸೂರ್ಯಾಸ್ತದ ಅನಂತರ ಅದನ್ನು ಕಣ್ಣಿಗೆ ಕಾಣದ ಕಿರಣಗಳ ರೂಪದಲ್ಲಿ ಆಕಾಶಕ್ಕೆ ಸೂಸುತ್ತದೆ. ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ ಇರುವ ನೆಲವು ಪ್ರತಿ ಚದರ ಮೀಟರಿನಿಂದ ಸುಮಾರು 390 ವಾಟ್‌ಗಳಷ್ಟು ಶಕ್ತಿಯನ್ನು ಹೊರಸೂಸುವುದೆಂದು ಸ್ಟೀಫನ್-ಬೋಲ್ಟ್ಸ್‌ಮನ್ ನಿಯಮದಿಂದ ಲೆಕ್ಕ ಹಾಕಬಹುದು. ಮೋಡಗಳೂ ಗಾಳಿಯಲ್ಲಿರುವ ನೀರಾವಿಯೂ ಈ ಕಿರಣಗಳನ್ನು ಹೀರಿ, ಬಹುಭಾಗವನ್ನು ನೆಲಕ್ಕೇ ಹಿಂದಿರುಗಿಸುತ್ತವೆ. ಮಳೆಗಾಲದ ರಾತ್ರಿ ಬೆಚ್ಚಗಿರುವುದಕ್ಕೆ ಇದೇ ಕಾರಣ. ಡಿಸೆಂಬರ್, ಜನವರಿಗಳಲ್ಲಾದರೋ ಈಶಾನ್ಯದಿಂದ ಬೀಸುವ ಒಣಗಾಳಿಯಲ್ಲಿ ನೀರಾವಿ ಕಡಿಮೆ, ಆಕಾಶ ನಿರ್ಮಲ. ಮೇಲೆ ಹೊದಿಕೆ ಇಲ್ಲದ ನೆಲ ಬೇಗನೆ ತಣಿಯುತ್ತದೆ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆಯಾದ 7.8 ಡಿಗ್ರಿ ಇಂತಹದೇ ಋತುವಿನದು: 1884ರ ಜನವರಿ 13.

ಎತ್ತರಕ್ಕೆ ಹೋದಂತೆಲ್ಲ ಗಾಳಿಯ ಉಷ್ಣತೆ ಕಿಲೋಮೀಟರಿಗೆ ಸರಾಸರಿ ಆರೂವರೆ ಡಿಗ್ರಿಯಂತೆ ಇಳಿಯುತ್ತದೆ. ಚಿಕ್ಕಬಳ್ಳಾಪುರ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ನಂದಿ ಬೆಟ್ಟದ ಶಿಖರ 1,478 ಮೀಟರು. ಈ ಅಂತರಕ್ಕೆ ಮೂರೂವರೆ ಡಿಗ್ರಿಗೂ ಮಿಗಿಲಾದ ವ್ಯತ್ಯಾಸ ಬರಬೇಕು. ಆದರೆ ಗಾಳಿಯಿಲ್ಲದ ಸ್ತಬ್ಧ ರಾತ್ರಿಯಲ್ಲಿ ಈ ನಿಯಮ ತಲೆಕೆಳಗಾಗುವುದುಂಟು. ತಣಿದ ಗಾಳಿ ಭಾರವಾದುದರಿಂದ ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಗೌರಿಬಿದನೂರು ತಾಲ್ಲೂಕಿನಲ್ಲಿ ಉತ್ತರ ಪಿನಾಕಿನಿಯ ಪಾತ್ರದಂತಹ ತಗ್ಗುಗಳಲ್ಲಿ ಬೆಳಗಿನ ಜಾವ ಮಂಜು ತುಂಬಿರುವುದಕ್ಕೆ ಇದು ಕಾರಣ. ಆದುದರಿಂದ ಗುಡಾರ ಹಾಕುವವರು ಗಾಳಿ ಬಡಿಯುವ ನೆತ್ತಿಯನ್ನೂ ಬಿಡಬೇಕು, ಹಳ್ಳದ ತಳವನ್ನೂ ಬಿಡಬೇಕು; ನಡುವಣ ಇಳಿಜಾರಿನ ಸಮತಟ್ಟಾದ ಜಾಗವೇ ಲೇಸು.

ಬಟ್ಟೆಯ ಗೋಡೆಯ ಲೆಕ್ಕ

ಹಳ್ಳಿಯ ಮಣ್ಣುಗೋಡೆಯ ಮನೆ ರಾತ್ರಿಯೆಲ್ಲ ಬೆಚ್ಚಗಿರಲು ಎರಡು ಕಾರಣಗಳುಂಟು. ದಪ್ಪ ಗೋಡೆಯ ಮೂಲಕ ಶಾಖ ನಿಧಾನವಾಗಿ ಹಾಯುತ್ತದೆ. ಅಲ್ಲದೆ ಟನ್ನುಗಟ್ಟಲೆ ತೂಕದ ಮಣ್ಣು ಹಗಲಿನ ಶಾಖವನ್ನು ಕೂಡಿಟ್ಟುಕೊಂಡು ಇರುಳಿನಲ್ಲಿ ಬಿಡುತ್ತದೆ. ಹಗುರ ಗುಡಾರಕ್ಕೆ ಈ ಎರಡು ಗುಣಗಳೂ ಇಲ್ಲ. ಅದು ಗಾಳಿಯ ಹೊಡೆತವನ್ನು ತಡೆಯುತ್ತದೆ, ಇಬ್ಬನಿಯನ್ನು ತಡೆಯುತ್ತದೆ. ಶಾಖವನ್ನು ಬಹುಮಟ್ಟಿಗೆ ತಡೆಯದು.

ಮೂವರು ಮಲಗಬಹುದಾದ ಒಂದು ಗುಡಾರವನ್ನು ಊಹಿಸಿಕೊಳ್ಳೋಣ. ಅದರ ಬಟ್ಟೆಯ ವಿಸ್ತೀರ್ಣ 10 ಚದರ ಮೀಟರು, ಒಳಗಿನ ಗಾಳಿ 5 ಘನ ಮೀಟರು ಇರಲಿ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಒಂದೇ ಪದರದ ತೆಳು ಬಟ್ಟೆಯ ಪ್ರತಿ ಚದರ ಮೀಟರಿನ ಮೂಲಕ ಸುಮಾರು 6 ವಾಟ್ ಶಾಖ ಸೋರಿಹೋಗುತ್ತದೆ. ಅಂದರೆ ಇಡೀ ಗುಡಾರದಿಂದ ಡಿಗ್ರಿಗೆ 60 ವಾಟ್. ನಿದ್ರಿಸುವ ಮನುಷ್ಯನ ದೇಹ ಸುಮಾರು 80 ವಾಟ್ ಶಾಖವನ್ನು ಉತ್ಪಾದಿಸುತ್ತದೆ. ಮೂವರಿಂದ 240 ವಾಟ್. ಇದನ್ನು 60ರಿಂದ ಭಾಗಿಸಿದರೆ 4 ಬರುತ್ತದೆ. ಮೂವರು ಒಳಗೆ ಮಲಗಿದುದರಿಂದ ಗುಡಾರ ಬೆಚ್ಚಗಾಗುವುದು ನಾಲ್ಕೇ ಡಿಗ್ರಿ!

ಹೊರಗೆ 10 ಡಿಗ್ರಿ ಇರುವಾಗ ಒಳಗೆ 25 ಡಿಗ್ರಿ ಬೇಕೆಂದರೆ 15 ಡಿಗ್ರಿಯ ವ್ಯತ್ಯಾಸಕ್ಕೆ 900 ವಾಟ್ ಬೇಕು. ದೇಹಗಳು ಕೊಡುವ 240ನ್ನು ಕಳೆದರೆ ಉಳಿದ 660 ವಾಟನ್ನು ಒಲೆಯೇ ಕೊಡಬೇಕು. ಎಂಟು ಗಂಟೆಗಳ ಕಾಲಕ್ಕೆ ಇದು ಸುಮಾರು 19 ಮೆಗಾಜೂಲ್. ಒಣ ಕಟ್ಟಿಗೆಯ ಒಂದು ಕಿಲೋಗ್ರಾಂ ಉರಿದರೆ ಸುಮಾರು 15 ಮೆಗಾಜೂಲ್ ಶಾಖ ದೊರೆಯುತ್ತದೆ. ಅದರ ಅರ್ಧ ಹೊಗೆಯೊಡನೆ ಕೊಳವೆಯಲ್ಲಿ ಹೋಯಿತೆಂದುಕೊಂಡರೂ ರಾತ್ರಿಗೆ ಎರಡೂವರೆ ಕಿಲೋಗ್ರಾಂ ಸೌದೆ ಸಾಕು. ಇಷ್ಟು ಸುಲಭವೇ ಎಂದು ವಾಚಕರಿಗೆ ಅನ್ನಿಸಬಹುದು.

ತೊಡಕಿರುವುದು ಬೇರೆಡೆಯಲ್ಲಿ. ಗುಡಾರದೊಳಗಣ ಗಾಳಿಯ ತೂಕ ಸುಮಾರು ಆರೇ ಕಿಲೋಗ್ರಾಂ. ಅದನ್ನು ಒಂದು ಡಿಗ್ರಿ ಬಿಸಿಮಾಡಲು ಆರು ಕಿಲೋಜೂಲ್ ಸಾಕು. ಒಲೆ ಹೊತ್ತಿಸಿದ ಕೆಲವೇ ನಿಮಿಷಗಳಲ್ಲಿ ಗುಡಾರ ಹಿತವಾಗಿ ಕಾಯುವುದು ಇದರಿಂದಲೇ. ಆದರೆ ಸುಲಭವಾಗಿ ಕಾಯುವುದು ಸುಲಭವಾಗಿ ಆರಿಯೂಹೋಗುತ್ತದೆ. ಬೆಂಕಿ ನಂದಿದ ಮೂರು ನಾಲ್ಕು ನಿಮಿಷಗಳಲ್ಲಿ ಗಳಿಸಿದ ಉಷ್ಣತೆಯ ಬಹುಪಾಲು ಬಟ್ಟೆಯ ಮೂಲಕ ಹೊರಟುಹೋಗಿರುತ್ತದೆ. ಬೆನ್ನಿನ ಮೇಲೆ ಹೊರುವ ಪುಟ್ಟ ಒಲೆಗಾದರೋ ಒಂದು ಸಲಕ್ಕೆ ಹಿಡಿಸುವ ಸೌದೆ ಗಂಟೆ ಹೊತ್ತೂ ಬಾರದು. ರಾತ್ರಿಯೆಲ್ಲ ಬೆಚ್ಚಗಿರಬೇಕೆಂದರೆ ರಾತ್ರಿಯೆಲ್ಲ ಒಬ್ಬರು ಎದ್ದಿರಬೇಕು. ಎದ್ದಿರಲಾರದವರು ಮಾಡುವ ಉಪಾಯವೇ ಅಪಾಯಕ್ಕೆ ದಾರಿ. ಅವರು ಒಲೆಗೆ ತುಂಬ ಸೌದೆ ಒಟ್ಟಿ, ಗಾಳಿಕಿಂಡಿಯನ್ನು ಕಿರಿದುಮಾಡಿ, ಬೆಂಕಿ ನಿಧಾನವಾಗಿ ಉರಿಯಲೆಂದು ಬಿಟ್ಟು, ಗುಡಾರದ ಬಾಗಿಲನ್ನು ಭದ್ರವಾಗಿ ಮುಚ್ಚಿ ಮಲಗುತ್ತಾರೆ.

ಒಲೆಯ ಉಸಿರು

ಕಟ್ಟಿಗೆ ಉರಿಯುವ ಕ್ರಮವನ್ನು ಗಮನಿಸಿ. ಮೊದಲು ಅದರಲ್ಲಿರುವ ತೇವ ಆವಿಯಾಗಬೇಕು. ಆಗತಾನೆ ಕಡಿದ ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುವುದರಿಂದ ಹಸಿ ಸೌದೆ ಶಾಖವನ್ನು ಕೊಡುವುದಕ್ಕಿಂತ ನುಂಗುವುದೇ ಹೆಚ್ಚೆಂದು ತೋರುತ್ತದೆ. ಅನಂತರ ಸುಮಾರು 250 ಡಿಗ್ರಿಯ ಮೇಲೆ ಮರವು ವಿಭಜನೆಗೊಂಡು ಉರಿಯಬಲ್ಲ ಅನಿಲಗಳನ್ನು ಬಿಡುತ್ತದೆ. ನಾವು ಕಾಣುವ ಜ್ವಾಲೆ ಈ ಅನಿಲಗಳದು. ಮರದ ತೂಕದ ಮುಕ್ಕಾಲು ಪಾಲು ಹೀಗೆ ಹೋದ ಮೇಲೆ ಉಳಿಯುವುದು ಇದ್ದಿಲು; ಅದು ಜ್ವಾಲೆಯಿಲ್ಲದೆ ಕೆಂಡವಾಗಿ ಉರಿಯುತ್ತದೆ. ನಂದಿ ಬೆಟ್ಟದ ತೋಪಿನಿಂದ ಹಬ್ಬಿ ‘ಮೈಸೂರು ಗಮ್’ ಎಂದು ಹೆಸರಾದ ನೀಲಗಿರಿಯಾಗಲಿ, ಕೆರೆಯಂಗಳದ ಜಾಲಿಯಾಗಲಿ, ಹುಣಿಸೆಯಾಗಲಿ, ಉರಿಯುವ ಕ್ರಮ ಇದೇ.

ತೇವವಿಲ್ಲದ ಕಟ್ಟಿಗೆಯ ತೂಕದಲ್ಲಿ ಶೇಕಡಾ 50 ಇಂಗಾಲ, 6 ಜಲಜನಕ, ಉಳಿದದ್ದು ಬಹುಪಾಲು ಆಮ್ಲಜನಕ. ಒಂದು ಕಿಲೋಗ್ರಾಂ ಕಟ್ಟಿಗೆ ಪೂರ್ಣವಾಗಿ ಉರಿಯಲು ಹೊರಗಿನಿಂದ ಸುಮಾರು 1.4 ಕಿಲೋಗ್ರಾಂ ಆಮ್ಲಜನಕ ಬೇಕು. ಇದು ಸುಮಾರು 6 ಕಿಲೋಗ್ರಾಂ, ಎಂದರೆ 5 ಘನ ಮೀಟರು ಗಾಳಿಯಲ್ಲಿರುವ ಆಮ್ಲಜನಕ. ನಮ್ಮ ಗುಡಾರದೊಳಗಣ ಗಾಳಿಯೂ 5 ಘನ ಮೀಟರೇ ಎಂಬುದನ್ನು ನೆನೆಯಿರಿ. ಒಂದು ಕಿಲೋಗ್ರಾಂ ಸೌದೆಗೆ ಇಡೀ ಗುಡಾರದ ಆಮ್ಲಜನಕವೇ ಬೇಕೆಂದಾಯಿತು! ಆದುದರಿಂದ ಗುಡಾರಕ್ಕೆ ಹೊಸ ಗಾಳಿ ಬರುತ್ತಲೇ ಇರಬೇಕು, ಉರಿದ ಅನಿಲ ಹೊರಗೆ ಹೋಗುತ್ತಲೇ ಇರಬೇಕು. ಚಳಿಗೆ ಹೆದರಿ ಎಲ್ಲ ಸಂದುಗಳನ್ನೂ ಮುಚ್ಚುವವನು ಒಲೆಯ ಕತ್ತನ್ನೂ ತನ್ನ ಕತ್ತನ್ನೂ ಒಟ್ಟಿಗೆ ಹಿಸುಕುತ್ತಾನೆ.

ಈ ಸತ್ಯವನ್ನು ಚಳಿನಾಡಿನ ಜನರು ಪುಸ್ತಕವಿಲ್ಲದೆಯೇ ಅರಿತಿದ್ದರು. ಉತ್ತರ ಅಮೆರಿಕದ ಬಯಲುಗಳ ಆದಿವಾಸಿಗಳ ಶಂಕುವಿನಾಕಾರದ ಗುಡಾರಕ್ಕೆ ನೆತ್ತಿಯಲ್ಲಿ ಹೊಗೆಗಂಡಿಯೂ, ಗಾಳಿಯ ದಿಕ್ಕಿಗನುಸಾರ ತಿರುಗಿಸಬಹುದಾದ ಎರಡು ರೆಕ್ಕೆಗಳೂ ಇದ್ದವು. ಇದನ್ನು ಕಂಡ ಅಮೆರಿಕದ ಸೇನಾಧಿಕಾರಿ ಹೆನ್ರಿ ಹಾಪ್‌ಕಿನ್ಸ್ ಸಿಬ್ಲಿ 1856ರಲ್ಲಿ ಅದೇ ಮಾದರಿಯ ಸೈನಿಕ ಗುಡಾರಕ್ಕೆ ಹಕ್ಕುಪತ್ರ ಪಡೆದನು. ಅವನ ಹೆಸರಿನ ಶಂಕುವಿನಾಕಾರದ ತಗಡಿನ ಒಲೆಯೂ ಗುಡಾರದೊಡನೆ ಪ್ರಸಿದ್ಧವಾಯಿತು. ಮಂಗೋಲಿಯದ ಉಣ್ಣೆಗುಡಾರದ ನಡುವೆ ಇಂದಿಗೂ ಒಲೆಯಿದ್ದು ಅದರ ಕೊಳವೆ ನೆತ್ತಿಯ ಬಳೆಯ ಮೂಲಕ ಹೊರಗೆ ಹೋಗುತ್ತದೆ. ನಮ್ಮ ಕಾಶ್ಮೀರದ ಬುಖಾರಿಯೂ ಕೊಳವೆಯುಳ್ಳ ಒಲೆಯೇ.

ಒಂದು ಮಿಲಿಮೀಟರಿನ ಬಲ

ಹೊಗೆಕೊಳವೆ ಹೊಗೆಯನ್ನು ‘ಎಳೆಯುತ್ತದೆ’ ಎನ್ನುವುದು ವಾಡಿಕೆ. ನಿಜವಾಗಿ ನೋಡಿದರೆ ಕೊಳವೆ ಏನನ್ನೂ ಎಳೆಯುವುದಿಲ್ಲ. ಹೊರಗಿನ ಭಾರವಾದ ತಣ್ಣನೆಯ ಗಾಳಿ ಒಳಗಿನ ಹಗುರವಾದ ಬಿಸಿ ಅನಿಲವನ್ನು ಮೇಲಕ್ಕೆ ತಳ್ಳುತ್ತದೆ. 10 ಡಿಗ್ರಿಯ ಗಾಳಿ ಘನ ಮೀಟರಿಗೆ ಸುಮಾರು 1.25 ಕಿಲೋಗ್ರಾಂ ತೂಗಿದರೆ, ಕೊಳವೆಯೊಳಗಿನ 200 ಡಿಗ್ರಿಯ ಅನಿಲ ಸುಮಾರು 0.75 ಕಿಲೋಗ್ರಾಂ ತೂಗುತ್ತದೆ. ಎರಡು ಮೀಟರು ಎತ್ತರದ ಕೊಳವೆಯಲ್ಲಿ ಈ ವ್ಯತ್ಯಾಸದಿಂದ ಉಂಟಾಗುವ ಒತ್ತಡ ಸುಮಾರು 10 ಪಾಸ್ಕಲ್. ಇದು ಒಂದು ಮಿಲಿಮೀಟರು ಎತ್ತರದ ನೀರಿನ ಒತ್ತಡಕ್ಕೆ ಸಮ. ಗುಡಾರದಲ್ಲಿ ಮಲಗಿದವರ ಕ್ಷೇಮವೆಲ್ಲ ಈ ಒಂದು ಮಿಲಿಮೀಟರಿನ ಮೇಲೆ ನಿಂತಿದೆ.

ಬೆಂಕಿ ಕುಗ್ಗಿ ಕೊಳವೆಯ ಅನಿಲ 60 ಡಿಗ್ರಿಗೆ ಇಳಿದರೆ ಈ ಬಲವೂ ಸುಮಾರು 4 ಪಾಸ್ಕಲ್‌ಗೆ ಇಳಿಯುತ್ತದೆ. ಇನ್ನೊಂದು ಕಡೆ, ಗಂಟೆಗೆ 14 ಕಿಲೋಮೀಟರು ವೇಗದ ಸಾಧಾರಣ ಗಾಳಿಗೆ ಎದುರಾದ ವಸ್ತುವಿನ ಮೇಲೆ ಬೀಳುವ ಒತ್ತಡ ಸುಮಾರು 10 ಪಾಸ್ಕಲ್. ಎಂದರೆ ಬೆಟ್ಟದ ಮೇಲಿನ ಒಂದು ಮಾಮೂಲು ಬೀಸುಗಾಳಿ ಕೊಳವೆಯ ಬಾಯಿಗೆ ಮೇಲಿನಿಂದ ಬಡಿದರೆ ಕುಗ್ಗಿದ ಬೆಂಕಿಯ ಹೊಗೆಯನ್ನು ಗುಡಾರದೊಳಕ್ಕೇ ಹಿಂದಿರುಗಿಸಬಲ್ಲುದು. ಕೊಳವೆಯ ತುದಿ ಗುಡಾರದ ನೆತ್ತಿಗಿಂತ ಎತ್ತರವಾಗಿರಬೇಕು, ಅದಕ್ಕೊಂದು ಟೋಪಿ ಇರಬೇಕು ಎಂಬ ನಿಯಮದ ಅರ್ಥ ಇದು.

ಅಡಿಗೆಮನೆಗೂ ಇದೇ ಸೂತ್ರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಮುಂದೆ ರೂಪಿಸಿದ ‘ಅಸ್ತ್ರ ಒಲೆ’ಯಲ್ಲಿ ಬೆಂಕಿ ಮುಚ್ಚಿದ ಗೂಡಿನಲ್ಲಿ ಉರಿದು, ಬಿಸಿ ಅನಿಲ ಪಾತ್ರೆಗಳ ಅಡಿಯಲ್ಲಿ ಸಾಗಿ, ಕೊನೆಗೆ ಕೊಳವೆಯ ಮೂಲಕ ಹೊರಗೆ ಹೋಗುತ್ತದೆ. ಸೌದೆಯ ಉಳಿತಾಯವೂ ಹೊಗೆಯಿಲ್ಲದ ಮನೆಯೂ ಒಂದೇ ಉಪಾಯದಿಂದ ದೊರೆತವು.

ಆರುವ ಬೆಂಕಿಯ ಅಪಾಯ

ಸಾಕಷ್ಟು ಗಾಳಿ ದೊರೆತಾಗ ಇಂಗಾಲವು ಕಾರ್ಬನ್ ಡೈ ಆಕ್ಸೈಡ್, ಎಂದರೆ ಇಂಗಾಲಾಮ್ಲ ವಾಯುವಾಗುತ್ತದೆ. ಗಾಳಿ ಸಾಲದಾದಾಗ ಅದರ ಒಂದು ಭಾಗ ಅರೆ ಉರಿದು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಕೆಂಡದ ರಾಶಿಯಲ್ಲಂತೂ ತಳದಲ್ಲಿ ಹುಟ್ಟಿದ ಇಂಗಾಲಾಮ್ಲವು ಮೇಲಿನ ಕಾದ ಇದ್ದಿಲಿನ ನಡುವೆ ಹಾಯುವಾಗ ಮಾನಾಕ್ಸೈಡಾಗಿ ಮಾರ್ಪಡುತ್ತದೆ. ಜ್ವಾಲೆ ಇದ್ದರೆ ಇದು ಅಲ್ಲಿಯೇ ಉರಿದುಹೋಗುತ್ತದೆ. ಜ್ವಾಲೆ ಆರಿದ ಮೇಲೆ ಉರಿಯದೆ ಹೊರಬೀಳುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣಿಗೆ ಉರಿಯಿಲ್ಲ. ಹೊಗೆ ನಿಂತಿತೆಂದು ಮನುಷ್ಯ ನಿಶ್ಚಿಂತನಾಗುವ ಹೊತ್ತಿಗೇ ಇದರ ಪ್ರಮಾಣ ಹೆಚ್ಚುತ್ತಿರುತ್ತದೆ.

ಇದು ದೇಹಕ್ಕೆ ಹೇಗೆ ಕೆಡುಕುಮಾಡುತ್ತದೆಂಬುದನ್ನು ಫ್ರಾನ್ಸಿನ ಶರೀರಶಾಸ್ತ್ರಜ್ಞ ಕ್ಲೋದ್ ಬರ್ನಾರ್ 1850ರ ದಶಕದಲ್ಲಿ ತೋರಿಸಿದನು. ರಕ್ತದ ಕೆಂಪು ಕಣಗಳಲ್ಲಿರುವ ಹೀಮೊಗ್ಲೋಬಿನ್ ಆಮ್ಲಜನಕವನ್ನು ಹೊತ್ತು ತಿರುಗುವ ವಾಹಕ. ಮಾನಾಕ್ಸೈಡು ಈ ವಾಹಕವನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸುತ್ತ ಗಾಳಿಯಲ್ಲಿ ಆಮ್ಲಜನಕ ಬೇಕಾದಷ್ಟಿದ್ದರೂ ಅದು ಮಿದುಳಿಗೆ ಮುಟ್ಟುವುದಿಲ್ಲ. ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ 1890ರ ದಶಕದಲ್ಲಿ ಈ ಅನಿಲವನ್ನು ತಾನೇ ಉಸಿರಾಡಿ ಪರಿಣಾಮಗಳನ್ನು ಗುರುತುಹಾಕಿಕೊಂಡನು. ಗಾಳಿಯ ಹತ್ತು ಸಾವಿರ ಭಾಗಗಳಲ್ಲಿ ಇದು ಎರಡು ಭಾಗವಿದ್ದರೆ ಎರಡು ಮೂರು ಗಂಟೆಗಳಲ್ಲಿ ತಲೆನೋವು. ಎಂಟು ಭಾಗವಿದ್ದರೆ ಮುಕ್ಕಾಲು ಗಂಟೆಯಲ್ಲಿ ತಲೆಸುತ್ತು, ವಾಕರಿಕೆ, ಎರಡು ಗಂಟೆಗಳಲ್ಲಿ ಪ್ರಜ್ಞಾಹೀನತೆ. ಹದಿನಾರು ಭಾಗವಿದ್ದರೆ ಒಂದೆರಡು ಗಂಟೆಗಳಲ್ಲಿ ಪ್ರಾಣಾಪಾಯ.

ನಮ್ಮ ಗುಡಾರದಲ್ಲಿ ಇದು ಹತ್ತು ಸಾವಿರಕ್ಕೆ ಹತ್ತು ಭಾಗವಾಗಲು ಎಷ್ಟು ಇದ್ದಿಲು ಬೇಕು? 5 ಘನ ಮೀಟರಿನಲ್ಲಿ ಸಾವಿರದ ಒಂದು ಭಾಗವೆಂದರೆ 5 ಲೀಟರು. 12 ಗ್ರಾಂ ಇಂಗಾಲ ಸುಮಾರು 24 ಲೀಟರು ಮಾನಾಕ್ಸೈಡನ್ನು ಕೊಡುವುದರಿಂದ 5 ಲೀಟರಿಗೆ ಬೇಕಾದುದು ಎರಡೂವರೆ ಗ್ರಾಂ. ಚಿಂತಾಮಣಿಯ ಹೊಲದ ಐದಾರು ಕಡಲೆಕಾಯಿ ಬೀಜಗಳಷ್ಟು ತೂಕ! ಗಾಳಿಯಾಡದ ಗುಡಾರದಲ್ಲಿ ಅಷ್ಟು ಇದ್ದಿಲು ಅರೆ ಉರಿದರೆ ಸಾಕು.

ಈಗ ಹಿಂದೆ ಹೇಳಿದ ಮೂರು ಸಂಗತಿಗಳನ್ನು ಕೂಡಿಸಿ ನೋಡಿ. ನಡುರಾತ್ರಿ ಕಳೆದಂತೆ ಜ್ವಾಲೆ ಆರಿ ಕೆಂಡ ಉಳಿಯುತ್ತದೆ; ವಿಷಾನಿಲ ಹೆಚ್ಚುತ್ತದೆ. ಅದೇ ಹೊತ್ತಿಗೆ ಕೊಳವೆ ತಣಿದು ಅದರ ಬಲ ಕುಗ್ಗುತ್ತದೆ. ಅದೇ ಹೊತ್ತಿಗೆ ಕಾಯಬೇಕಾದ ಮನುಷ್ಯ ಗಾಢನಿದ್ರೆಯಲ್ಲಿರುತ್ತಾನೆ. ಧಗಧಗನೆ ಉರಿಯುವ ಬೆಂಕಿಗೆ ಎಲ್ಲರೂ ಹೆದರುತ್ತಾರೆ. ಆದರೆ ಹೆಚ್ಚು ಹೆದರಬೇಕಾದುದು ಆರುತ್ತಿರುವ ಬೆಂಕಿಗೆ.

ದೀಪವನ್ನು ಇಟ್ಟುಕೊಂಡರೆ ತಿಳಿಯದೇ ಎಂದು ಕೆಲವರು ಕೇಳಬಹುದು. ಪಾಳುಬಾವಿಗೆ ಇಳಿಯುವ ಮುನ್ನ ದೀಪವನ್ನು ಇಳಿಬಿಟ್ಟು ನೋಡುವ ಪದ್ಧತಿ ನಮ್ಮಲ್ಲುಂಟು. ಅಲ್ಲಿ ಇಂಗಾಲಾಮ್ಲ ತುಂಬಿ ಆಮ್ಲಜನಕ ಕಡಿಮೆಯಾಗಿದ್ದರೆ ದೀಪ ನಂದುತ್ತದೆ. ಮಾನಾಕ್ಸೈಡಿಗೆ ಈ ಪರೀಕ್ಷೆ ನಿಷ್ಪ್ರಯೋಜಕ. ಸಾವಿರಕ್ಕೆ ಒಂದೆರಡು ಭಾಗ ಮಾನಾಕ್ಸೈಡಿನಿಂದ ಆಮ್ಲಜನಕ ಕಡಿಮೆಯಾಗುವುದಿಲ್ಲ. ದೀಪ ಪ್ರಶಾಂತವಾಗಿ ಉರಿಯುತ್ತಲೇ ಇರುವಾಗ ಮನುಷ್ಯ ಸಾಯಬಹುದು.

ಅನುಭವಿಗಳೂ ಇದಕ್ಕೆ ಸಿಕ್ಕಿಬಿದ್ದಿದ್ದಾರೆ. ಅಮೆರಿಕದ ನೌಕಾಧಿಕಾರಿ ರಿಚರ್ಡ್ ಬರ್ಡ್ 1934ರ ಚಳಿಗಾಲವನ್ನು ಅಂಟಾರ್ಕ್ಟಿಕದ ಹಿಮದಡಿಯ ಒಂದು ಪುಟ್ಟ ಮನೆಯಲ್ಲಿ ಒಂಟಿಯಾಗಿ ಕಳೆಯಲು ನಿಂತನು. ಒಲೆಯ ಕೊಳವೆಯ ಸಂದುಗಳು ಸೋರುತ್ತಿದ್ದವು, ಗಾಳಿಕಂಡಿಗಳು ಮಂಜಿನಿಂದ ಕಟ್ಟಿಕೊಂಡವು. ರೇಡಿಯೋಗೆ ವಿದ್ಯುತ್ತನ್ನು ಕೊಡುವ ಯಂತ್ರದ ಹೊಗೆಯೂ ಸೇರಿತು. ಮಾನಾಕ್ಸೈಡಿನಿಂದ ಅವನು ಹಾಸಿಗೆ ಹಿಡಿದನು. ಅವನ ರೇಡಿಯೋ ಸಂದೇಶಗಳು ಅಸ್ತವ್ಯಸ್ತವಾಗುತ್ತಿರುವುದರಿಂದ ಸಂಶಯಗೊಂಡ ಸಂಗಡಿಗರು ಆಗಸ್ಟಿನಲ್ಲಿ ಅಲ್ಲಿಗೆ ತಲುಪಿ ಅವನನ್ನು ಉಳಿಸಿದರು. ಉತ್ತರ ಭಾರತದಲ್ಲಿ ಮುಚ್ಚಿದ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳದೆ ಹೋದ ಸುದ್ದಿ ಪ್ರತಿ ಚಳಿಗಾಲದಲ್ಲಿಯೂ ಬರುತ್ತದೆ.

ಹುಳುಮನೆಯ ಪಾಠ

ಗುಡಾರವಿಲ್ಲದವರಿಗೆ ಈ ಮಾತು ಸಂಬಂಧಿಸಿದ್ದಲ್ಲ ಎಂದುಕೊಳ್ಳಬೇಡಿ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟದ ಸುತ್ತಣ ಹಳ್ಳಿಗಳಲ್ಲಿ, ಚಿಂತಾಮಣಿಯ ಕಡೆಗಳಲ್ಲಿ, ರೇಷ್ಮೆಹುಳು ಸಾಕುವ ಮನೆಗಳು ಬಹಳ. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ, ದೊಡ್ಡ ಹುಳುವಿಗೆ 24ರಿಂದ 25 ಡಿಗ್ರಿ ಉಷ್ಣತೆ ಬೇಕು. ಚಳಿಗಾಲದ ರಾತ್ರಿ ಇಷ್ಟು ಶಾಖವನ್ನು ನಿಲ್ಲಿಸಲು ವಿದ್ಯುತ್ ಒಲೆಯನ್ನೋ ಇದ್ದಿಲ ಒಲೆಯನ್ನೋ ಇಡುವುದು ವಾಡಿಕೆ. ಹೊಗೆ ಹುಳುವಿಗೆ ಆಗದು. ಆದುದರಿಂದ ಇದ್ದಿಲನ್ನು ಹೊರಗೆ ಹೊತ್ತಿಸಿ, ಹೊಗೆ ಪೂರಾ ನಿಂತ ಮೇಲೆ ಕೆಂಡವನ್ನು ಒಳಕ್ಕೆ ತರುತ್ತಾರೆ. ಹುಳುವಿನ ಮಟ್ಟಿಗೆ ಇದು ಜಾಣತನ. ಆದರೆ ಹೊಗೆಯಿಲ್ಲದ ಕೆಂಡವೆಂದರೆ ವಿಷವಿಲ್ಲದ ಕೆಂಡವೆಂದು ಅರ್ಥವಲ್ಲ.

ಇಲ್ಲಿ ಒಂದು ಜೀವಶಾಸ್ತ್ರದ ಸೂಕ್ಷ್ಮವಿದೆ. ಹಾಲ್ಡೇನನ ಸಲಹೆಯ ಫಲವಾಗಿ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳನ್ನು ಒಯ್ಯುತ್ತಿದ್ದರು. ಮನುಷ್ಯನಿಗಿಂತ ಮೊದಲೇ ಹಕ್ಕಿ ಸೋಲುವುದರಿಂದ ಅದು ಎಚ್ಚರಿಕೆಯ ಗಂಟೆಯಂತಿತ್ತು. ರೇಷ್ಮೆಹುಳು ಹಾಗಲ್ಲ. ಅದರ ರಕ್ತದಲ್ಲಿ ಹೀಮೊಗ್ಲೋಬಿನ್ ಇಲ್ಲ. ಮೈಯ ಪಕ್ಕಗಳಲ್ಲಿರುವ ಸಣ್ಣ ರಂಧ್ರಗಳಿಂದ ಹೊರಟ ಕೊಳವೆಗಳು ಗಾಳಿಯನ್ನು ನೇರವಾಗಿ ಅಂಗಾಂಗಗಳಿಗೆ ಮುಟ್ಟಿಸುತ್ತವೆ. ಮಾನಾಕ್ಸೈಡಿನ ಮುಖ್ಯ ಪೆಟ್ಟು ಬೀಳುವ ಜಾಗವೇ ಅದಕ್ಕಿಲ್ಲ. ಹುಳು ಚೆನ್ನಾಗಿ ಸೊಪ್ಪು ತಿನ್ನುತ್ತಿದೆ, ಆದುದರಿಂದ ಗಾಳಿ ಚೆನ್ನಾಗಿದೆ ಎಂದು ನಂಬಿ ಅದೇ ಕೋಣೆಯಲ್ಲಿ ಮಲಗುವುದು ತಪ್ಪು. ಹುಳುಮನೆಯಲ್ಲಿ ಕೆಂಡವಿರುವಾಗ ಮೇಲಿನ ಕಿಂಡಿಯೂ ಕೆಳಗಿನ ಕಿಂಡಿಯೂ ತೆರೆದಿರಬೇಕು. ಸೊಪ್ಪು ಹಾಕಿದ ಮೇಲೆ ಮನುಷ್ಯರು ಬೇರೆ ಕೋಣೆಯಲ್ಲಿ ಮಲಗಬೇಕು. ಬಾಣಂತಿಯ ಕೋಣೆಯಲ್ಲಿ ಮಂಚದ ಬಳಿ ಕೆಂಡವಿಟ್ಟು ಕಿಟಕಿ ಬಾಗಿಲುಗಳನ್ನು ಮುಚ್ಚುವ ಪದ್ಧತಿಗೂ ಈ ಎಚ್ಚರಿಕೆ ಸಲ್ಲುತ್ತದೆ. ಅಲ್ಲಿ ತಾಯಿಯೊಡನೆ ಹಸುಗೂಸೂ ಇರುತ್ತದೆ.

ಕಂಬಳಿಯ ಲೆಕ್ಕ

ಹಾಗಾದರೆ ಗುಡಾರದಲ್ಲಿ ಚಳಿಗೆ ಏನು ಮಾಡಬೇಕು? ಹಿಂದಿನ ಲೆಕ್ಕದಲ್ಲಿ ಹತ್ತು ಚದರ ಮೀಟರು ಬಟ್ಟೆಯೊಳಗಿನ ಗಾಳಿಯನ್ನೆಲ್ಲ ಕಾಯಿಸಲು ಹೊರಟೆವು. ಶಾಖ ಬೇಕಾದುದು ಗಾಳಿಗಲ್ಲ, ದೇಹಕ್ಕೆ. ದೇಹದ ಮೈಮೇಲೆಯೇ ತಡೆಯನ್ನು ಇಟ್ಟರೆ ಲೆಕ್ಕ ಬೇರೆಯಾಗುತ್ತದೆ. ನಿಶ್ಚಲವಾದ ಗಾಳಿ ಶಾಖವನ್ನು ಬಹಳ ಕಡಿಮೆ ಹಾಯಿಸುತ್ತದೆ. ಕುರಿಯ ಉಣ್ಣೆಯ ಕಂಬಳಿಯ ಗುಟ್ಟು ಅದರ ಎಳೆಗಳ ನಡುವೆ ಸೆರೆಯಾದ ಗಾಳಿ. ದೇಹದ ಸುತ್ತ 1.8 ಚದರ ಮೀಟರು ವಿಸ್ತೀರ್ಣದಲ್ಲಿ ಇಂತಹ ಹೊದಿಕೆ 2 ಸೆಂಟಿಮೀಟರು ದಪ್ಪವಿದ್ದರೆ ಡಿಗ್ರಿಗೆ ಸುಮಾರು 3.6 ವಾಟ್ ಮಾತ್ರ ಸೋರುತ್ತದೆ. ದೇಹದ 80 ವಾಟನ್ನು ಇದರಿಂದ ಭಾಗಿಸಿದರೆ 22 ಡಿಗ್ರಿ! ಚರ್ಮವು 33 ಡಿಗ್ರಿಯಲ್ಲಿ ಹಿತವಾಗಿರಬೇಕೆಂದರೆ ಹೊರಗೆ 11 ಡಿಗ್ರಿ ಇದ್ದರೂ ಬೆಂಕಿಯಿಲ್ಲದೆ ನಿದ್ರಿಸಬಹುದು. ಇನ್ನೂ ಅರ್ಧ ಸೆಂಟಿಮೀಟರು ಸೇರಿದರೆ 6 ಡಿಗ್ರಿಗೂ ಸಾಕು.

ಮಲಗಿದವನ ಭಾರಕ್ಕೆ ಅಡಿಯ ಹೊದಿಕೆ ಅಮುಕಿಹೋಗಿ ಅದರೊಳಗಣ ಗಾಳಿ ಹೊರಬೀಳುತ್ತದೆ. ಶಾಖವು ನೆಲಕ್ಕೆ ಹರಿಯುತ್ತದೆ. ಆದುದರಿಂದ ಹೊದೆಯುವುದಕ್ಕಿಂತ ಹಾಸುವುದಕ್ಕೆ ಹೆಚ್ಚು ಗಮನ ಕೊಡಬೇಕು. ಗುಡಾರದ ಅಡಿಯಲ್ಲಿ ದಪ್ಪನಾಗಿ ಹರಡಿದ ಒಣ ರಾಗಿಹುಲ್ಲು ಬಡವರ ಮೆತ್ತೆ ಮಾತ್ರವಲ್ಲ, ಉತ್ತಮ ಉಷ್ಣರೋಧಕವೂ ಹೌದು. ಹೀಗೆ ನಮ್ಮ ಸೀಮೆಯ ಚಳಿಗೆ ನಿದ್ರೆಯ ಹೊತ್ತಿನಲ್ಲಿ ಒಲೆಯ ಅವಶ್ಯಕತೆಯೇ ಇಲ್ಲ. ಒಲೆ ಎಚ್ಚರದ ಹೊತ್ತಿನ ಸಂಗಾತಿ: ಅಡಿಗೆ ಮಾಡಲು, ತೊಯ್ದ ಬಟ್ಟೆ ಒಣಗಿಸಲು, ಮಲಗುವ ಮುನ್ನ ಕೈಕಾಲು ಕಾಯಿಸಲು.

ಒಂದು ಪ್ರಯೋಗ

ಗಾಳಿಯ ಓಟವನ್ನು ಮನೆಯಲ್ಲಿಯೇ ನೋಡಬಹುದು. ಮೇಜಿನ ಮೇಲೆ ಗಿಡ್ಡ ಮೇಣದ ಬತ್ತಿಯನ್ನು ಹಚ್ಚಿ, ಅದರ ಮೇಲೆ ಎರಡೂ ಕಡೆ ತೆರೆದಿರುವ ದೀಪದ ಗಾಜಿನ ಚಿಮಣಿಯನ್ನು ನೇರವಾಗಿ ಇಡಿ. ಮೇಲಿನ ಬಾಯಿ ತೆರೆದಿದ್ದರೂ ಜ್ವಾಲೆ ಕುಗ್ಗಿ ನಂದುತ್ತದೆ. ಕೆಳಗಿನಿಂದ ಗಾಳಿ ಬರಲು ದಾರಿಯಿಲ್ಲ. ಈಗ ಚಿಮಣಿಯನ್ನು ಎರಡು ಪೆನ್ಸಿಲುಗಳ ಮೇಲೆ ಎತ್ತಿ ನಿಲ್ಲಿಸಿ. ಜ್ವಾಲೆ ಸ್ಥಿರವಾಗಿ ಉರಿಯುತ್ತದೆ. ಊದುಬತ್ತಿಯ ಹೊಗೆಯನ್ನು ಕೆಳಗಿನ ಸಂದಿನ ಬಳಿ ಹಿಡಿದರೆ ಅದು ಒಳಕ್ಕೆ ನುಗ್ಗಿ ಮೇಲಕ್ಕೆ ಏರುವುದು ಕಾಣುತ್ತದೆ. ಗುಡಾರಕ್ಕೆ ಕೆಳಗೊಂದು, ಮೇಲೊಂದು ಕಿಂಡಿ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನೆನಪಿಡಬೇಕಾದ ನಿಯಮಗಳು

1. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಬೆಟ್ಟದಲ್ಲಿ ತಂಗಬಾರದು. ಕಾಡಿನಲ್ಲಿ ಬೆಂಕಿ ಹಚ್ಚಬಾರದು. ಚಳಿಗಾಲದ ಒಣಹುಲ್ಲಿಗೆ ಒಂದು ಕಿಡಿ ಸಾಕು.

2. ಒಲೆಗೆಂದೇ ಹೊಲಿಯದ ಗುಡಾರದಲ್ಲಿ ಒಲೆ ಹೊತ್ತಿಸಬಾರದು. ನೈಲಾನ್ ಬಟ್ಟೆ 220ರಿಂದ 260 ಡಿಗ್ರಿಯಲ್ಲಿ ಕರಗುತ್ತದೆ. ಕೊಳವೆಯ ಮೈ ಅದಕ್ಕಿಂತ ಹೆಚ್ಚು ಕಾಯಬಲ್ಲುದು. ಕೊಳವೆ ಹಾಯುವಲ್ಲಿ ಗಾಜಿನ ನಾರಿನಂತಹ ಉರಿಯದ ವಸ್ತುವಿನ ಪಟ್ಟಿ ಇರಲೇಬೇಕು.

3. ಕೊಳವೆಯಿಲ್ಲದ ಒಲೆಯನ್ನಾಗಲಿ, ಕೆಂಡದ ಬಾಣಲೆಯನ್ನಾಗಲಿ ಗುಡಾರದೊಳಕ್ಕೆ ಎಂದಿಗೂ ತರಬಾರದು.

4. ಒಲೆ ಉರಿಯುವಷ್ಟು ಕಾಲವೂ ಕೆಳಗಿನ, ಮೇಲಿನ ಕಿಂಡಿಗಳು ತೆರೆದಿರಬೇಕು, ಒಬ್ಬರು ಎಚ್ಚರವಾಗಿರಬೇಕು. ಮಲಗುವ ಮುನ್ನ ಒಲೆಯನ್ನು ಪೂರ್ಣವಾಗಿ ಆರಿಸಿ, ಉಳಿದ ಕೆಂಡವನ್ನು ಹೊರಗೆ ಹಾಕಿ ನೀರು ಹೊಯ್ಯಬೇಕು. ಮಾನಾಕ್ಸೈಡನ್ನು ಗುರುತಿಸಿ ಕೂಗುವ ಪುಟ್ಟ ಯಂತ್ರಗಳು ಈಗ ದೊರೆಯುತ್ತವೆ. ಒಲೆ ಕೊಂಡವರು ಅದನ್ನೂ ಕೊಳ್ಳುವುದು ವಿವೇಕ.

5. ಒಂದೇ ಕಡೆ ಇರುವ ಹಲವರಿಗೆ ಒಟ್ಟಿಗೆ ತಲೆನೋವು, ವಾಕರಿಕೆ, ಮಂಪರು ಬಂದರೆ ಊಟದ ದೋಷವೆಂದು ಕೂರದೆ ಕೂಡಲೇ ಎಲ್ಲರನ್ನೂ ಬಯಲಿಗೆ ಕರೆತರಬೇಕು. ಎಚ್ಚರ ತಪ್ಪಿದವರನ್ನು ಹೊರಕ್ಕೆ ಹೊತ್ತು ತಂದು, ಉಸಿರು ನಿಂತಿದ್ದರೆ ಕೃತಕ ಉಸಿರಾಟ ನಡೆಸಿ, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು. ರಕ್ತದಲ್ಲಿ ಸೇರಿದ ಮಾನಾಕ್ಸೈಡು ಸಾಧಾರಣ ಗಾಳಿಯಲ್ಲಿ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆಗಳು ಬೇಕಾದರೆ, ಶುದ್ಧ ಆಮ್ಲಜನಕದಲ್ಲಿ ಸುಮಾರು ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ. ಆಸ್ಪತ್ರೆಗೆ ಬೇಗ ತಲುಪಿಸುವುದರಿಂದ ಜೀವ ಉಳಿಯುವುದು ಇದರಿಂದಲೇ.

ಬೆಂಕಿ ಮನುಷ್ಯನ ಹಳೆಯ ಗೆಳೆಯ. ಅದಕ್ಕೂ ನಮಗೂ ಬೇಕಾದುದು ಒಂದೇ ವಸ್ತು, ಆಮ್ಲಜನಕ. ಇಬ್ಬರೂ ಒಂದು ಗುಡಾರದಲ್ಲಿ ಇರಬೇಕಾದರೆ ಇಬ್ಬರಿಗೂ ಸಾಲುವಷ್ಟು ಗಾಳಿ ಬರಬೇಕು. ಒಬ್ಬರು ಮಲಗುವ ಮುನ್ನ ಇನ್ನೊಬ್ಬರನ್ನು ಹೊರಗೆ ಕಳುಹಿಸಬೇಕು. ಮುಂದಿನ ಶಿಬಿರಕ್ಕೆ ಹೊರಡುವ ವಿದ್ಯಾರ್ಥಿಗಳು ಚೀಲದಲ್ಲಿ ಒಲೆಗೆ ಸ್ಥಳವಿಲ್ಲದಿದ್ದರೆ ಚಿಂತಿಸಬೇಕಾಗಿಲ್ಲ; ಕಂಬಳಿಗೆ ಸ್ಥಳವಿದೆಯೇ ಎಂಬುದನ್ನು ಮೊದಲು ನೋಡಲಿ.